ಹಲ್ಲಿಲ್ಲದ ಬೋಲ್ಟು

ನನ್ನ ಕೆಳದವಡೆಯಲ್ಲಿ ಒಂದು ಬೋಲ್ಟಿದೆ. ಅದರ ಮೇಲೆ ಹಲ್ಲಿಲ್ಲ. ಕನ್ನಡಿಯ ಮುಂದೆ ತುಟಿ ಇಳಿಸಿದರೆ ವಸಡಿನ ನಡುವೆ ಮಿಣುಕುತ್ತದೆ. ನೋಡಿದಾಗೆಲ್ಲ ಮೈ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮಷೀನು ಕೂರಿಸುವುದು ನನ್ನ ಕೆಲಸವಾಗಿತ್ತು. ಒಂದು ದಿನ ತಿರುಗುವ ಲೇತಿನಿಂದ, ಅದರ ಚಕ್ಕು ಬಿಗಿಯುವ ಕಬ್ಬಿಣದ ಕೀ ಹಾರಿಬಂದು ಮುಂದಿನ ಹಲ್ಲನ್ನು ಬೇರುಸಹಿತ ಕಿತ್ತುಹಾಕಿತು. ಓನರು ಖುದ್ದಾಗಿ ಮನೆಗೆ ಬಂದು ಭುಜ ತಟ್ಟಿದರು. "ನೀವು ನಮ್ಮ ಫ್ಯಾಕ್ಟ್ರಿ ಬುನಾದಿ ಕಣ್ರೀ. ಈಗ ಮೂಳೆಗೇ ಸ್ಕ್ರೂ ಹಾಕಿ ಹಲ್ಲು ಕೂರಿಸ್ತಾರಂತೆ. ಹಾಕಿಸ್ಕೊಳ್ಳಿ, ಪೂರ್ತಿ ಕಂಪ್ನಿ ನೋಡ್ಕೊಳ್ಳುತ್ತೆ." ನಾನು ಹಿಗ್ಗಿ ಹೀರೇಕಾಯಿಯಾದೆ.

ಡಾಕ್ಟರಮ್ಮ ಟೈಟಾನಿಯಂ ಸ್ಕ್ರೂ ಬಿಗಿದು ಮೇಲೆ ವಸಡು ಹೊಲಿದರು. ಹಲ್ಲು ಯಾವಾಗ ಎಂದೆ.

"ತಿಂಗಳುಗಟ್ಲೆ ಕಾಯ್ಬೇಕು ಸಾರ್. ಈಗಿರೋದು ಬರೀ ಸ್ಕ್ರೂ ಬಿಗಿ. ಅದು ಸ್ವಲ್ಪ ಸಡಿಲ ಆಗುತ್ತೆ, ಆಮೇಲೆ ಮೂಳೆ ಬೆಳೆದು ತಾನೇ ಹಿಡ್ಕೊಳ್ಳುತ್ತೆ. ನಡುವೆ ಭಾರ ಬಿದ್ರೆ ಕೆಟ್ಟಿತು."

ಇದನ್ನು ನನಗೆ ಹೇಳಿಕೊಡಬೇಕೆ! ಮಷೀನನ್ನು ನೆಲಕ್ಕೆ ಹಿಡಿದಿಡುವ ಫೌಂಡೇಷನ್ ಬೋಲ್ಟಿನ ಸುತ್ತ ಸುರಿದ ಕಾಂಕ್ರೀಟು ಕಚ್ಚಿಕೊಳ್ಳುವ ಮೊದಲೇ ನಟ್ಟು ತಿರುಗಿಸಲು ಬಂದವರನ್ನು ಬೈದು ಓಡಿಸಿದವನು ನಾನು. ಆದರೆ ಕಾಂಕ್ರೀಟಿಗಿಂತ ಮೂಳೆ ಭೋಳೆ. ಹೊರಗಿನಿಂದ ಬಂದ ಲೋಹವನ್ನು ತನ್ನದೇ ಎಂದುಕೊಂಡು ತಬ್ಬಿಬಿಡುತ್ತದೆ. ಕಾರ್ಖಾನೆಯನ್ನು 'ನಮ್ದು' ಎನ್ನುತ್ತಿದ್ದ ನಾವೂ ಅದೇ ಜಾತಿ.

ಆ ಸಲದ ಆಯುಧಪೂಜೆಯಲ್ಲಿ ಲೇತಿನ ಶಿವಣ್ಣ ಎಲ್ಲ ಮಷೀನಿಗೂ ಕುಂಕುಮ ಇಟ್ಟು, ಕೊನೆಗೆ ನನ್ನ ಗದ್ದಕ್ಕೂ ಒಂದು ಬೊಟ್ಟು ಇಟ್ಟ. "ಇದೂ ಮಷೀನೇ ತಾನೆ ಗುರು? ದೃಷ್ಟಿ ಆಗ್ಬಾರ್ದು." ಎಲ್ಲರೂ ನಕ್ಕರು. ನಾನು ಮಾತ್ರ ಮಂಗಳಾರತಿಗೂ ಗದ್ದ ಮುಂದೆ ಮಾಡಿ ನಿಂತಿದ್ದೆ, ಮಂಗನ ಹಾಗೆ.

ದೃಷ್ಟಿ ಆದದ್ದು ಬೇರೆ ಕಡೆ. ಮಷೀನು ಓಡಿಸುವುದಕ್ಕಿಂತ ಶೆಡ್ಡನ್ನು ಬಾಡಿಗೆಗೆ ಕೊಡುವುದೇ ಮೇಲು ಎಂದು ಓನರಿಗೆ ಹೊಳೆಯಿತು. ದೀಪಾವಳಿ ಕಳೆಯುವಷ್ಟರಲ್ಲಿ ನಮ್ಮನ್ನೆಲ್ಲ ಮನೆಗೆ ಕಳಿಸಿದರು.

ನನ್ನ ಮೂಳೆಗೆ ಆ ಸುದ್ದಿ ಮುಟ್ಟಿರಲಿಲ್ಲ. ಅದು ತನ್ನ ಪಾಡಿಗೆ ಬೆಳೆಯುತ್ತಿತ್ತು. ಅವಧಿ ಮುಗಿದ ಮೇಲೆ ಡಾಕ್ಟರಮ್ಮ ವಸಡು ಬಿಡಿಸಿ, ಬೋಲ್ಟಿಗೆ ಪುಟ್ಟದೊಂದು ತಲೆ ತಿರುಪಿ, ಕೈಗನ್ನಡಿಯ ಹಿಡಿಯಿಂದ ಅದನ್ನು ಕುಟ್ಟಿದರು. ಟಣ್! ಸಡಿಲವಿದ್ದರೆ ಸದ್ದು ಮೊದ್ದಾಗಿರುತ್ತದೆ. ಸುತ್ತಿಗೆ ಹಿಡಿದು ನಾನು ಜೀವಮಾನವಿಡೀ ಕೇಳಿದ್ದು ಈ ಸದ್ದನ್ನೇ.

"ಬಂಡೆ ಥರ ನಿಂತಿದೆ ಸಾರ್. ಇನ್ನು ಹಲ್ಲು ಕೂರಿಸೋದಷ್ಟೇ, ಕಂಪ್ನಿಯವ್ರ ಹತ್ರ ಒಂದ್ಮಾತು ಹೇಳಿಸ್ಬಿಡಿ."

ಕೊಟ್ಟ ಮಾತು ಇದೆಯಲ್ಲ ಎಂದು ಕಾರ್ಖಾನೆಗೆ ಹೋದೆ. ಮಷೀನುಗಳು ಲಾರಿ ಹತ್ತಿ ಹೋಗಿದ್ದವು. ಗೋಡೌನಿಗಾಗಿ ನೆಲ ಸಮ ಮಾಡುತ್ತಿದ್ದರು. ನಾನು ಹೂತಿದ್ದ ಬೋಲ್ಟುಗಳು ಏನು ಮಾಡಿದರೂ ಕೀಳಲು ಬಾರದೆ, ಗ್ಯಾಸ್ ಕಟ್ಟರಿನಿಂದ ಅವುಗಳ ತಲೆ ಕತ್ತರಿಸುತ್ತಿದ್ದರು.

"ಅದೇನ್ ಹಾಕಿ ಕೂರ್ಸಿದ್ರೀ ಮಾರಾಯ್ರೆ? ಬರೋದೇ ಇಲ್ವಲ್ಲ!" ಎಂದು ಓನರು ನಕ್ಕರು. ಅವರ ಹಲ್ಲುಗಳೆಲ್ಲ ಸ್ವಸ್ಥಾನದಲ್ಲಿದ್ದವು. ನಾನು ಹಲ್ಲಿನ ಮಾತು ತೆಗೆದೆ.

"ಈಗ ಕಂಪ್ನಿನೇ ಇಲ್ವಲ್ರೀ" ಎಂದರು.

ಬೋಲ್ಟು ಇಂದಿಗೂ ಕೂದಲೆಳೆಯಷ್ಟೂ ಅಲುಗಿಲ್ಲ. ದಿನಾ ನಾಲಿಗೆಯಿಂದ ತಳ್ಳಿ ನೋಡುತ್ತೇನೆ, ಕಸುಬಿನ ಚಾಳಿ. ಹಬ್ಬ ಬಂದರೆ ಹೆಂಡತಿ ಚಕ್ಕುಲಿಯನ್ನು ಚೂರು ಚೂರು ಮಾಡಿ ತಟ್ಟೆಗೆ ಹಾಕಿ, "ತಿನ್ರೀ" ಎನ್ನುತ್ತಾಳೆ. ಗಟ್ಟಿಯಾಗಿ ನಿಂತದ್ದಕ್ಕೆ ನನಗೆ ಸಿಕ್ಕ ಬಹುಮಾನ ಅದೇ.