ಅತ್ತಿಗೆಯ ಕೈಗುಣ

ನನ್ನ ಅತ್ತಿಗೆಯ ಕೈಗುಣದ ವಿಷಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದನ್ನು ಬೀದಿಗೆಲ್ಲ ಹಬ್ಬಿಸಿದವರು ನಾವೇ. ಈಗ ಬರೆಯಲು ಕೂತರೆ ನನಗೆ ಕೈ ಓಡುತ್ತಿಲ್ಲ. ಆದರೂ ಬರೆಯುತ್ತೇನೆ.

ಅಣ್ಣನ ಹೆಂಡತಿಯಾಗಿ ಈ ಮನೆಗೆ ಬರುವ ಮೊದಲಿನಿಂದಲೂ ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದಳು. ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಾಕಿಕೊಂಡವರಿಗೆ ತಲೆನೋವು. ಅವಳು ಕೂರಿಸಿದ ಗಾಜು ವಾಪಸ್ ಬಂದದ್ದನ್ನು ನಾನು ಕೇಳಿಲ್ಲ. ಮನೆಯಲ್ಲಿ ಅದನ್ನು ಯಾರೂ ಕೈಗುಣ ಎನ್ನಲಿಲ್ಲ. ಆ ಹೆಸರು ಬಂದದ್ದು ಮೊಸರಿನಿಂದ.

ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆದಮೇಲೆ ಅಂಗಡಿಯ ಮೊಸರು ಒಗ್ಗಲಿಲ್ಲ. ನಮ್ಮದೋ ವರ್ಷದ ಮುಕ್ಕಾಲು ಪಾಲು ಚಳಿ ಬಿಡದ ಊರು. ಹೆಪ್ಪು ಹಾಕಿಟ್ಟ ಹಾಲು ಮಾರನೇ ದಿನವೂ ಹಾಲೇ. ಅದಕ್ಕೇ ಅಣ್ಣ ಒಂದು ಕರೆಂಟಿನ ಮೊಸರು ಮೆಷಿನ್ನು ತಂದ. ಏಳು ಗಾಜಿನ ಲೋಟ, ಒಂದು ಮುಚ್ಚಳ, ಒಂದು ಗುಂಡಿ. ಎಂಟು ಗಂಟೆಯಾದಮೇಲೆ ದೀಪ ತಾನೇ ಆರುತ್ತದೆ, ಮೊಸರು ಸಿದ್ಧ ಅಂತ ಡಬ್ಬದ ಮೇಲೆ ಬರೆದಿತ್ತು. ಜೀವಮಾನವೆಲ್ಲ ಹೆಪ್ಪು ಹಾಕಿದ ಅಮ್ಮ ಮಾಡಿದಳು, ಒಡೆದು ನೀರಾಯಿತು. ನಾನು ಮಾಡಿದೆ, ಬಾಯಿಗಿಡಲಾಗಲಿಲ್ಲ. ಎರಡು ದಿನ ಮೆಷಿನ್ನನ್ನು ಮುಟ್ಟಿ ಮುಟ್ಟಿ ನೋಡಿ ಅತ್ತಿಗೆ ಮಾಡಿದಳು. ಲೋಟ ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರು. ಅಪ್ಪ ಚಮಚ ನೆಕ್ಕಿ, ಇದು ಮೆಷಿನ್ನಿಂದಲ್ಲ, ಸೊಸೆಯ ಕೈಗುಣ ಅಂದರು. ಅಲ್ಲಿಗೆ ಅವಳ ಹಣೆಬರಹ ಬರೆದಾಯಿತು.

ಆರು ವರ್ಷ. ತವರಿಗೆ ಹೋದರೆ ಮೂರನೇ ದಿನಕ್ಕೆ ವಾಪಸ್ಸು, ಯಾಕೆಂದರೆ ಅಷ್ಟರಲ್ಲಿ ಏಳೂ ಲೋಟ ಖಾಲಿ. ತನ್ನ ತಂಗಿಗೆ ಹೆರಿಗೆಯಾದಾಗ ಮಗುವಿನ ಮುಖ ನೋಡಿ ಓಡಿಬಂದಳು. ಜ್ವರದಲ್ಲೂ ಎದ್ದು ಗುಂಡಿ ಒತ್ತಿದಳು. ನಾವು ಬಾಯ್ತುಂಬ ಹೊಗಳಿದೆವು. ಹೊಗಳಿ ಹೊಗಳಿಯೇ ಕಟ್ಟಿಹಾಕಿದೆವು.

ಒಂದು ಭಾನುವಾರ ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಳು. ಕನ್ನಡಕದ ಅಂಗಡಿಯ ಯಜಮಾನರು ಬೇರೆ ಊರಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದರು. ಗಾಜಿನ ಕೆಲಸಕ್ಕೆಲ್ಲ ಅವಳೇ ಮುಖ್ಯಸ್ಥೆ, ಆರು ತಿಂಗಳು ಅಲ್ಲೇ ಇರಬೇಕು. ಸೋಮವಾರ ಸಂಜೆಯೊಳಗೆ ಉತ್ತರ ಹೇಳಬೇಕು. ಹೇಳುವಾಗ ಅವಳ ಮುಖದಲ್ಲಿದ್ದ ಆಸೆಯನ್ನು ಕುರುಡರೂ ಕಾಣಬಹುದಿತ್ತು. ಅಣ್ಣ ತಟ್ಟೆ ನೋಡಿದ. ಹೋಗುವುದೇನೋ ಸರಿ, ಮಾವನ ಮೊಸರಿನ ಗತಿಯೇನು ಅಂತ ಅಮ್ಮ ಕೇಳಿದಳು.

ಅತ್ತಿಗೆ ಎದ್ದುಹೋಗಿ ಹಳದಿ ಬಟ್ಟೆಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಕನ್ನಡಕ ಒರೆಸುವ ಬಟ್ಟೆ, ನಾಲ್ಕು ಮಡಿಕೆ.

"ಕೈಗುಣನೂ ಇಲ್ಲ, ಎಂಥದ್ದೂ ಇಲ್ಲ ಅತ್ತೆ. ಆ ಮೆಷಿನ್ನು ಬಿಸಿ ಜಾಸ್ತಿ ಮಾಡತ್ತೆ. ಲೋಟದ ಕೆಳಗೆ ಇದನ್ನ ಹಾಸ್ತೀನಿ, ಅಷ್ಟೇ."

ಇಷ್ಟು ವರ್ಷ ಯಾಕೆ ಮುಚ್ಚಿಟ್ಟೆ ಅಂತ ಅಣ್ಣ ಕೇಳಿದ.

"ಈ ಮನೇಲಿ ನಂದು ಅಂತ ಅದೊಂದೇ ಇತ್ತು," ಅಂದಳು.

ಅಪ್ಪ ನಕ್ಕುಬಿಟ್ಟರು. ಬಟ್ಟೆ ಹಾಸಿದರೆ ಮೊಸರಾಗುವುದಾದರೆ ಬಟ್ಟೆ ಅಂಗಡಿಯವರೆಲ್ಲ ಮೊಸರು ಮಾರಬೇಕಿತ್ತು ಎಂದರು. ಅತ್ತಿಗೆ ಬಿಡಲಿಲ್ಲ. ನಾಳೆ ತಾನು ಕೆಲಸಕ್ಕೆ ಹೋದಮೇಲೆ ನಾದಿನಿ, ಅಂದರೆ ನಾನು, ಬಟ್ಟೆ ಹಾಸಿ ಗುಂಡಿ ಒತ್ತಲಿ, ಮೊಸರಾದರೆ ತಾನು ಹೊರಡುತ್ತೇನೆ ಎಂದಳು. ಎಲ್ಲರೂ ಒಪ್ಪಿದರು, ನಾನೂ.

ಸೋಮವಾರ ಬೆಳಿಗ್ಗೆ ಹಾಲಿಗೆ ಹೆಪ್ಪು ಕದಡಿ, ಲೋಟಗಳಿಗೆ ತುಂಬಿ, ಬಟ್ಟೆ ಕೈಗೆತ್ತಿಕೊಂಡೆ. ಆಗ ತಲೆಗೆ ಹೊಳೆಯಿತು: ಇದು ಮೊಸರಾದರೆ ನಾಳೆಯಿಂದ ಮೆಷಿನ್ನು ನನ್ನ ಕೊರಳಿಗೆ ಬೀಳುತ್ತದೆ. ಅಣ್ಣ ಅಡುಗೆಮನೆಯ ಕಡೆ ಸುಳಿಯುವವನಲ್ಲ. ಅಮ್ಮನಿಗೆ ಲೋಟ ಹಿಡಿದರೆ ಕೈ ನಡುಗುತ್ತದೆ. ಉಳಿದವಳು ನಾನು. ಬಟ್ಟೆಯನ್ನು ಡ್ರಾಯರಿನಲ್ಲಿಟ್ಟು ಗುಂಡಿ ಒತ್ತಿದೆ.

ಸಂಜೆ ಗೇಟು ತೆಗೆದ ಸದ್ದು ಕೇಳಿದಮೇಲೆ ಬಟ್ಟೆಯನ್ನು ಲೋಟಗಳ ಕೆಳಗೆ ತುರುಕಿದೆ. ಅತ್ತಿಗೆ ಹೆಗಲಿನ ಚೀಲ ಇಳಿಸದೆಯೇ ಬಂದು ಮುಚ್ಚಳ ತೆಗೆದಳು. ಏಳರಲ್ಲೂ ನೀರು ಬೇರೆ, ಗಡ್ಡೆ ಬೇರೆ. ಹಿಂದೆಯೇ ಬಂದ ಅಪ್ಪ, ನಾನು ಹೇಳಲಿಲ್ಲವೇ ಎಂದು ಹೆಮ್ಮೆಯಿಂದ ಹೊರಗೆ ಹೋದರು. ಅವಳು ಲೋಟಗಳನ್ನೆತ್ತಿ ಬಟ್ಟೆ ಮುಟ್ಟಿದಳು. ಮೆಷಿನ್ನಿನ ತಳ ಇನ್ನೂ ಸುಡುತ್ತಿತ್ತು, ಬಟ್ಟೆ ತಣ್ಣಗಿತ್ತು.

ಅವಳು ನನ್ನನ್ನೇ ನೋಡಿದಳು. "ನಿನ್ನನ್ನೇ ಹಿಡ್ಕೊಳ್ತಾರೆ ಅಂತ ಭಯ ಆಯ್ತಲ್ವಾ?" ಅಂದಳು ಮೆಲ್ಲಗೆ. ಅವಳು ಯಜಮಾನರಿಗೆ ಫೋನು ಮಾಡಿ, ಬರಲಾಗುವುದಿಲ್ಲ ಎಂದಳು. ಆಮೇಲೆ ಏಳೂ ಲೋಟ ತೊಳೆದು ಹಾಲು ಕಾಯಿಸಲು ಇಟ್ಟಳು.

ಈಗ ಅವಳು ಆ ಬಟ್ಟೆಯನ್ನು ಎಲ್ಲರ ಎದುರಿಗೇ ಹಾಸುತ್ತಾಳೆ. ಯಾರೂ ಅದನ್ನು ನೋಡುವುದಿಲ್ಲ. ಅಪ್ಪ ಚಮಚ ನೆಕ್ಕಿ ಕೈಗುಣ ಎನ್ನುತ್ತಾರೆ, ನಾನು ಹೌದು ಎನ್ನುತ್ತೇನೆ.