ಸೀಟ್ ಕವರಿನ ಕೆಳಗೆ

ಹೊಸ ರೆಕ್ಸಿನ್ ಸುರುಳಿ ಬಿಚ್ಚಿದಾಗ ಬರುವ ವಾಸನೆ ಗಿರಾಕಿಗಳಿಗೆಲ್ಲ ಇಷ್ಟ. ನನಗೆ ಆಗದು. ಮಾಗಡಿಯಲ್ಲಿ ಕಾರುಗಳಿಗೆ ಸೀಟ್ ಕವರ್ ಹೊಲಿಯುವುದೇ ನನ್ನ ಕಸುಬು, ಹಾಗಾಗಿ ಬಿಡುಗಡೆಯಿಲ್ಲ. ಆ ವಾಸನೆ ಬಂದಾಗಲೆಲ್ಲ ಮೇಷ್ಟ್ರೂ ಬರುತ್ತಾರೆ...

ಶಾಲೆಯಲ್ಲಿ ನನಗೆ ಲೆಕ್ಕ ಕಲಿಸಿದವರು. ನಿವೃತ್ತರಾದ ಮೇಲೆ ಹಳೇ ಕಾರೊಂದನ್ನು ಕೊಂಡು, ಎತ್ತಿನ ಗಾಡಿಗಿಂತ ತುಸು ಜೋರಾಗಿ ಓಡಿಸುತ್ತಿದ್ದರು. ಹಿಂದೆ ಬರುವ ಬಸ್ಸಿನವರು ಹಾರ್ನ್ ಹೊಡೆದೇ ಸುಸ್ತಾಗುತ್ತಿದ್ದರು. ಮನೆಯಿಂದ ಪೇಟೆಗೆ ಬರುವಾಗಲೂ ಬೆಲ್ಟ್ ಹಾಕದೆ ಕೀಲಿ ತಿರುಗಿಸಿದವರಲ್ಲ. ಅವರ ಹೆಂಡತಿಗೆ ಮುಂದೆ ಕೂರಲು ಭಯ. ಯಾವಾಗಲೂ ಹಿಂದಿನ ಸೀಟು.

ಆ ಕಾರಿಗೆ ಕವರ್ ಹಾಕುವಾಗ ಹಿಂದಿನ ಬೆಲ್ಟ್ ಸಿಕ್ಕಿಸುವ ಬಕಲ್‌ಗಳನ್ನು ಸೀಟಿನ ಸಂದಿಗೆ ತುರುಕಿ, ಮೇಲೆ ಕವರ್ ಎಳೆದುಬಿಟ್ಟೆ. ಎಲ್ಲರಿಗೂ ಹಾಗೇ ಮಾಡುತ್ತಿದ್ದೆ. ತೂತು ಬಿಟ್ಟರೆ ಅಂದ ಕೆಡುತ್ತದೆ, ಹಿಂದೆ ಕೂತವರು ಯಾರು ಬೆಲ್ಟ್ ಹಾಕುತ್ತಾರೆ ಎಂಬ ಧಿಮಾಕು ನನಗೆ.

ಒಂದು ಬೆಳಿಗ್ಗೆ ಸೋಲೂರು ರಸ್ತೆಯಲ್ಲಿ ಅಡ್ಡದಾರಿಯಿಂದ ಹಾಲಿನ ಟೆಂಪೋ ನುಗ್ಗಿ ಬಂತು. ಮೇಷ್ಟ್ರು ಬ್ರೇಕ್ ಒತ್ತಿದರೂ ಕಾರು ಗುದ್ದಿತು. ಅವರ ಎದೆಯ ಮೇಲೆ ಬೆಲ್ಟಿನ ಬರೆ ಮೂಡಿತ್ತು, ಅಷ್ಟೇ. ಹೆಂಡತಿ ಮುಂದಕ್ಕೆ ಬಿದ್ದು ತಲೆಗೆ ಪೆಟ್ಟಾಗಿ ಮೂರನೇ ದಿನ ತೀರಿಕೊಂಡರು.

ರಿಪೇರಿಯಾದ ಕಾರನ್ನು ಮೆಕ್ಯಾನಿಕ್ ಕೈಲಿ ಓಡಿಸಿಕೊಂಡು ಮೇಷ್ಟ್ರು ನನ್ನ ಅಂಗಡಿಗೆ ಬಂದರು.

“ಮಾರ್ಬುಡ್ತೀನಿ ಕಣ್ಲಾ. ಆ ಕವರ್ ಕಿತ್ತಾಕು, ಕಲೆ ಆಗೈತೆ.”

ನಾನು ಹಿಂದಿನ ಸೀಟಿನಲ್ಲಿ ಮಂಡಿಯೂರಿ ಕವರ್ ಬಿಚ್ಚುತ್ತಿದ್ದೆ. ಅವರು ಕಾರಿನ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು, ತಮ್ಮಷ್ಟಕ್ಕೆ ತಾವೇ ಎಂಬಂತೆ ಹೇಳಿದರು.

“ಅವತ್ತು ಬೆಲ್ಟ್ ಹಾಕ್ಕೊ ಅಂದೆ. ಸಿಕ್ಸೋದು ಎಲ್ಲೈತೆ ಅಂತ ಒಸಿ ಹೊತ್ತು ತಡಕಾಡುದ್ಲು. ಹೊತ್ತಾಯ್ತು ಬುಡು ಅಂತ ನಾನೇ ಹೊರಟ್‌ಬುಟ್ಟೆ. ನಾನೇ ಕೊಂದ್ಬುಟ್ಟೆ ಕಣ್ಲಾ.”

ಆಗ ಬಕಲ್ ನನ್ನ ಅಂಗೈಯಲ್ಲಿತ್ತು. ಒಂದು ಗೀರೂ ಇರಲಿಲ್ಲ...

“ನಿಮ್ಮ ತಪ್ಪಲ್ಲ ಸಾ” ಎಂದೆ. ಯಾರ ತಪ್ಪು ಎಂದು ಹೇಳಲು ಬಾಯಿ ಬರಲಿಲ್ಲ.

“ಸುಮ್ನಿರ್ಲಾ, ಸಮಾಧಾನ ಮಾಡ್ಬೇಡ” ಎಂದರು.

ಆಮೇಲೆ ಅವರು ಸ್ಟಿಯರಿಂಗ್ ಮುಟ್ಟಲಿಲ್ಲ. ಅಂಗಡಿ ಮುಂದೆ ನಡೆದು ಹೋಗುವಾಗ ಕೈ ಎತ್ತುತ್ತಿದ್ದರು. ನಾನು ಹೊಲಿಗೆ ಮಿಷನ್ನಿನ ಮೇಲೆ ತಲೆ ಬಗ್ಗಿಸುತ್ತಿದ್ದೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಂಡೇ ವರ್ಷಗಳು ಹೋದವು...

ಈಗ ಯಾವ ಕಾರು ಬಂದರೂ ಬಕಲ್ ಹೊರಗೇ ಬಿಟ್ಟು ಹೊಲಿಯುತ್ತೇನೆ. ಗಿರಾಕಿಗಳು ಮುಖ ಸಿಂಡರಿಸುತ್ತಾರೆ, ನಾನು ಜಗ್ಗುವುದಿಲ್ಲ. ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಹೆಂಡತಿಯನ್ನು ತಾವೇ ಕೊಂದೆವೆಂದು ನಂಬಿಕೊಂಡೇ ಹೋದರು. ನಾನು ಹಾಗೇ ಹೋಗಲು ಬಿಟ್ಟೆ.