ಹೊರೆಗಲ್ಲಿನ ತನಕ

ಅಕ್ಕನ ಕಾಲಿನಲ್ಲಿ ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳು ಉದ್ದ. ಆ ಬೆರಳಿಗೊಂದು ಬೆಳ್ಳಿಯ ಕಾಲುಂಗುರ, ಒಂದು ಮಗ್ಗುಲು ಸವೆದು ತಂತಿಯಷ್ಟು ತೆಳ್ಳಗಾಗಿತ್ತು. ಬರಿಗಾಲಿನಲ್ಲಿ ಗುಡ್ಡ ಹತ್ತುವಾಗ ಅದು ಕಲ್ಲಿಗೆ ತಾಗಿ ಟಿಣ್ಣೆನ್ನುತ್ತಿತ್ತು. ತಿರುವಿನಲ್ಲಿ ಅಕ್ಕ ಕಾಣದಾದರೆ ನಾವು ಆ ಸದ್ದನ್ನು ಹಿಡಿದು ಹೋಗುತ್ತಿದ್ದೆವು. ಹಾಗೆ ಬೆರಳು ಉದ್ದವಿದ್ದವಳು ಗಂಡನನ್ನು ಆಳುತ್ತಾಳೆ ಎಂಬ ಮಾತು ನಮ್ಮ ಕಡೆ ಇದೆ. ಅವ್ವ ಅದನ್ನು ಹೇಳಿ ರೇಗಿಸಿದರೆ ಅಕ್ಕ ಗಂಡನನ್ನೂ ತನ್ನ ಜೊತೆ ಸೇರಿಸಿಕೊಂಡು ನಗುತ್ತಿದ್ದಳು. "ನಮ್ಮನೇಲಿ ಆಳದು ಅತ್ತೆ. ಆನೂ ಅವೂ ಇಬ್ರೂ ಪ್ರಜೆ."

ಒಡಹುಟ್ಟಿದ ಅಕ್ಕನೇನಲ್ಲ. ಸಿದ್ದಾಪುರದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡ ದವಾಖಾನೆಯ ಕಂಪೌಂಡರು, ನಮ್ಮಪ್ಪನದು ಜವಳಿ ಅಂಗಡಿ. ನಾವು ಬನವಾಸಿ ಕಡೆಯಿಂದ ವ್ಯಾಪಾರಕ್ಕೆಂದು ಬಂದು ನೆಲೆಸಿದವರು. ಅವಳು ಘಟ್ಟದ ಕೆಳಗೆ ಹುಟ್ಟಿ ಮೇಲೆ ಮದುವೆಯಾಗಿ ಬಂದವಳು. ಊಟ, ಪೂಜೆ, ಮಡಿ ಎಲ್ಲದರಲ್ಲೂ ನಮಗೂ ಅವರಿಗೂ ಗೋಡೆಗಿಂತ ದಪ್ಪನೆಯ ಅಂತರ. ಆದರೆ ಅವ್ವನಿಗೂ ಅಕ್ಕನಿಗೂ ಹಿತ್ತಲಿನ ಬಾವಿಕಟ್ಟೆಯಲ್ಲಿ ಯಾವ ಅಂತರವೂ ಇರಲಿಲ್ಲ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷದ ಬೇಸಿಗೆಯಿಂದ ನಮ್ಮ ಗುಡ್ಡ ತಿರುಗಾಟ ಶುರುವಾಯಿತು. ಶಾಲೆಗೆ ರಜೆ ಬಿದ್ದರೆ ಸಾಕು, ಅಕ್ಕ ಸೆರಗು ಬಿಗಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು, ತಮ್ಮ, ನನ್ನ ಇಬ್ಬರು ಗೆಳತಿಯರು, ಗೊಣಗುತ್ತ ಅವ್ವ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಮನೆ. ದಾರಿಯುದ್ದಕ್ಕೂ ಕವಳಿಹಣ್ಣು, ಕೆಂಪಗೆ ಹಣ್ಣಾದ ಮುರುಗಲು. ಎಲ್ಲರ ಬಾಯಿ, ಲಂಗ ಎಲ್ಲ ಕಲೆ. ಏರುವಾಗ ಮಾತಾಡಬಾರದು ಎಂಬುದು ಅಕ್ಕನ ಕಾನೂನು. "ಹತ್ತುವಾಗ ಉಸ್ರು ಉಳಿಸಿ, ಇಳಿವಾಗ ಬೇಕಾದಷ್ಟು ಹರಟೆ ಹೊಡೀರಿ." ಆ ಕಾನೂನು ಅವ್ವನಿಗೆ ಅನ್ವಯಿಸುತ್ತಿರಲಿಲ್ಲ. "ಸಾವಕಾಶ ನಡೀರಿ ಅಕ್ಕಾರ. ಗುಡ್ಡಾ ಏನ್ ಓಡಿ ಹೊಕ್ಕೇತೇನ್ರಿ?" ಎಂದು ಅವಳು ಹಿಂದಿನಿಂದ ಏದುಸಿರಿನಲ್ಲೇ ಕೂಗುತ್ತಿದ್ದಳು.

ಮೊದಲ ಸಲ ಗುಡ್ಡದ ನೆತ್ತಿಯ ಮೇಲೆ ಬುತ್ತಿ ಬಿಚ್ಚಿದಾಗ ಅಕ್ಕ ಅವ್ವನ ಜೋಳದ ರೊಟ್ಟಿಗೆ ಕೈಚಾಚಿದಳು. ಅವ್ವ ಹೌಹಾರಿದಳು. "ನಿಮ್ಮತ್ತಿಯವ್ರಿಗೆ ತಿಳದ್ರ?" ಅಕ್ಕ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚುತ್ತ, "ಮನೆಲಿ ಆದ್ರೆ ತಪ್ಪು. ಗುಡ್ಡ ಯಾರ ಮನೆನೂ ಅಲ್ಲ" ಎಂದಳು. ಆ ಮಾತಿನ ಪೂರ್ತಿ ಅರ್ಥ ನನಗೆ ಎರಡು ಬೇಸಿಗೆ ಕಳೆದ ಮೇಲೆ ಆಯಿತು.

ಬೇರೆ ಗುಡ್ಡಗಳು ವರ್ಷ ವರ್ಷ ಬದಲಾಗುತ್ತಿದ್ದವು. ಅಕ್ಷಯ ತದಿಗೆಯ ದಿನ ಮಾತ್ರ ಬೇರೆ ಮಾತಿಲ್ಲ, ನಿಲ್ಕುಂದದ ಆಚೆಯ ಘಟ್ಟದ ಅಂಚು. ಅಪ್ಪನ ಪರಿಚಯದ ಲಾರಿಯಲ್ಲಿ ನಿಲ್ಕುಂದದವರೆಗೆ ಹೋಗಿ ಅಲ್ಲಿಂದ ನಡಿಗೆ. ಅಂಚಿನ ಬಂಡೆಯ ಮೇಲೆ ನಿಂತರೆ ಕೆಳಗೆ ಕಾಡು, ಕಾಡಿನಾಚೆ ತೆಂಗು, ತೆಂಗಿನಾಚೆ ಒಗೆದು ಹರವಿದ ಪಂಚೆಯ ಹಾಗೆ ಸಮುದ್ರ. ನಾವು ಕುಣಿದಾಡುತ್ತಿರುವಾಗ ಅಕ್ಕ ಒಬ್ಬಳೇ ಕಾಲುದಾರಿ ಹಿಡಿದು ಕೆಳಗಿಳಿದು ಹೋಗುತ್ತಿದ್ದಳು. ಬಹಳ ಹೊತ್ತಿನ ಮೇಲೆ ತಿರುಗಿ ಬರುವಾಗ ಮಡಿಲಲ್ಲಿ ಹಲಸಿನ ಹಪ್ಪಳ, ತಲೆಗೆ ಘಮಘಮ ಎಣ್ಣೆ, ಜಡೆಯಲ್ಲಿ ಅಬ್ಬಲಿಗೆ ದಂಡೆ. ಕಾಡಿನಲ್ಲಿ ಜಡೆ ಹೆಣೆಯುವವರು ಯಾರು ಎಂದು ನಾವು ಗುಸುಗುಸು ಮಾತಾಡಿಕೊಳ್ಳುತ್ತಿದ್ದೆವು. ಅವ್ವ ಗದರಿಸಿ ಸುಮ್ಮನಿರಿಸುತ್ತಿದ್ದಳು, ಅವಳಿಗೆ ಗೊತ್ತಿತ್ತು.

ಮೂರನೆಯ ವರ್ಷ ಅಕ್ಕನೇ ನನ್ನನ್ನು ಜೊತೆಗೆ ಕರೆದುಕೊಂಡು ಇಳಿದಳು. ಇಳಿಜಾರಿನ ನಡುವೆ ಒಂದು ಹೊರೆಗಲ್ಲು. ಕೆಳಗಿನಿಂದ ತಲೆಹೊರೆ ಹೊತ್ತು ಬರುವವರು ಯಾರ ಸಹಾಯವೂ ಇಲ್ಲದೆ ಹೊರೆ ಜಾರಿಸಿ ದಣಿವಾರಿಸಿಕೊಳ್ಳಲಿ ಎಂದು ಆಳೆತ್ತರಕ್ಕೆ ನಿಲ್ಲಿಸಿದ ಕಲ್ಲು. ಅದರ ಬುಡದಲ್ಲಿ ಒಬ್ಬಳು ಮುದುಕಿ ಬಾಚಣಿಗೆ ಹಿಡಿದು ಕೂತಿದ್ದಳು. ಅಕ್ಕ ಹೋದವಳೇ ಅವಳ ಮುಂದೆ ಬೆನ್ನು ಮಾಡಿ ಕೂತಳು. ಮುದುಕಿ ಅವಳ ತಲೆ ಬಿಚ್ಚಿ ಎಣ್ಣೆ ಹಚ್ಚತೊಡಗಿದಳು. ಇಬ್ಬರೂ ಅಳಲಿಲ್ಲ. ಎಮ್ಮೆ ಕರು ಹಾಕಿದ್ದು, ಬಾವಿಯ ನೀರು ಉಪ್ಪಾದದ್ದು, ಇಂಥವೇ ಮಾತು.

ಅಕ್ಕನ ಮದುವೆಯ ಊಟದ ಪಂಕ್ತಿಯಲ್ಲಿ ಗಂಡಿನ ಸೋದರಮಾವನಿಗೆ ಎಲೆ ಹಾಕುವುದು ತಡವಾಯಿತಂತೆ. ಅದಕ್ಕೆ ಮಾತು ಬೆಳೆದು ಬೀಗರು ತಾಂಬೂಲ ಮುಟ್ಟದೆ ಎದ್ದು ಬಂದರು. ಅಪ್ಪ ಇಲ್ಲದ ಮನೆಗೆ ಯಜಮಾನನಾಗಿದ್ದ ಅಕ್ಕನ ಅಣ್ಣ, ಅವರು ತಪ್ಪೊಪ್ಪುವ ತನಕ ತಂಗಿಯನ್ನು ಕರೆಯುವುದಿಲ್ಲ ಎಂದುಬಿಟ್ಟ. ಎಲೆ ಹಾಕಿದ್ದು ಯಾರೋ, ಉಪವಾಸ ಬಿದ್ದದ್ದು ಇವಳು. ತವರಿನಿಂದ ಕರೆ ಬಾರದೆ ಹೆಣ್ಣುಮಗಳು ತವರಿಗೆ ಹೋಗುವಂತಿರಲಿಲ್ಲ. ಕರೆಯದ ಮಗಳ ಮನೆಗೆ ತಾಯಿ ಬರುವಂತೆಯೂ ಇರಲಿಲ್ಲ.

"ಕರೆಯದೇ ಹೋಪಲಾಗ್ತಿಲ್ಲೆ ಕೂಸೆ" ಎಂದಳು ಅಕ್ಕ, ತಿರುಗಿ ಹತ್ತುವಾಗ, ತನ್ನ ಕಾನೂನನ್ನು ತಾನೇ ಮುರಿದು. "ಅದಕ್ಕೇ ಆಯಿ ಅರ್ಧ ಹತ್ತತು, ಆನು ಅರ್ಧ ಇಳೀತೆ. ಘಟ್ಟ ಯಾರ ಮನೆ ಹೇಳು?"

ಬೇಸಿಗೆಯಿಡೀ ನಮ್ಮನ್ನು ಗುಡ್ಡ ಗುಡ್ಡ ತಿರುಗಿಸುತ್ತಿದ್ದದ್ದು ಈ ಒಂದು ದಿನದ ಮೇಲೆ ಅತ್ತೆಯ ಕಣ್ಣು ಬೀಳದಿರಲಿ ಎಂದು. ಆದರೂ ಅವಳಿಗೆ ಆ ಗುಡ್ಡಗಳು ಬರೀ ನೆಪವಾಗಿರಲಿಲ್ಲ. ನೆಪಕ್ಕೆ ಹತ್ತುವವರು ಪ್ರತಿ ನೆತ್ತಿಯಲ್ಲೂ ಪಡುವಣಕ್ಕೆ ಮುಖ ಮಾಡಿ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಅದರ ಮುಂದಿನ ವರ್ಷವೋ ಅದರಾಚೆಯದೋ, ತದಿಗೆಯ ದಿನ ಹೊರೆಗಲ್ಲಿನ ಬುಡದಲ್ಲಿ ಯಾರೂ ಇರಲಿಲ್ಲ. ನಾವೆಲ್ಲ ಅಲ್ಲಿಗೇ ಇಳಿದು ಕಾದು ಕೂತೆವು. ಬಿಸಿಲು ನೆತ್ತಿಗೇರಿತು. ಬುತ್ತಿ ಯಾರೂ ಬಿಚ್ಚಲಿಲ್ಲ. ಕೊನೆಗೆ ಕೆಳಗಿನಿಂದ ತೆಂಗಿನಕಾಯಿ ಹೊರೆ ಹೊತ್ತ ಹೆಂಗಸೊಬ್ಬಳು ಬಂದಳು. ಹೊರೆಯನ್ನು ಕಲ್ಲಿಗೆ ಜಾರಿಸಿ, ಅಕ್ಕನ ಗುರುತು ಹಿಡಿದು, "ಅಮ್ಮೋರು ಹಾಸಿಗಿ ಹಿಡ್ದು ತಿಂಗ್ಳಾಯ್ತು. ಏಳೂಕೇ ಆಗೂದಿಲ್ಲ, ಘಟ್ಟ ಹತ್ತೂಕೆ ಎಲ್ಲಿಂದ?" ಎಂದಳು.

ಅಕ್ಕ ಎದ್ದಳು. ದಾರಿ ಎದುರಿಗೇ ಇತ್ತು, ಇಳಿದರೆ ಸಂಜೆಯೊಳಗೆ ತಾಯಿಯ ಮಗ್ಗುಲು. ಹೊರೆಗಲ್ಲಿನವರೆಗೆ ಹೋದಳು, ಅದರ ಮೇಲೆ ಕೈ ಇಟ್ಟಳು, ನಿಂತುಬಿಟ್ಟಳು. "ಕರದ್ದಿಲ್ಲೆ" ಎಂದಳು. "ಅಣ್ಣ ಬಾಗ್ಲಲ್ಲಿ ನಿಂತು 'ಯಾರು ಕರೆದ್ದು' ಹೇಳಿ ಕೇಳಿರೆ ಆನು ಎಂತ ಹೇಳ್ಲಿ?" ಆಗ ಮಾತ್ರ ಅಳು ಬಂತು ಅವಳಿಗೆ. ಅಷ್ಟೊಂದು ಗುಡ್ಡ ಹತ್ತಿದ ಕಾಲು ಆ ಒಂದು ಕಲ್ಲನ್ನು ದಾಟಲಾರದಾಯಿತು.

ಅವ್ವ ಸೀರೆ ಕೊಡವಿ ಎದ್ದಳು. ಅಕ್ಕನನ್ನು ದಾಟಿ, ಕಲ್ಲನ್ನು ದಾಟಿ, ಇಳಿಜಾರಿನಲ್ಲಿ ಕೈಗೆ ಸಿಕ್ಕ ಗಿಡ ಹಿಡಿದುಕೊಂಡು ನಾಲ್ಕು ಮಾರು ಕೆಳಗಿಳಿದಳು. ಇಳಿದವಳು ತಿರುಗಿ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಮದುವೆಗೆ ಕರೆಯಲು ಬಂದವರ ಹಾಗೆ ಎರಡೂ ಕೈ ಜೋಡಿಸಿದಳು.

"ಬರ್ರಿ ಅಕ್ಕಾರ. ತವರಿಗೆ ಬರ್ರಿ. ನಾ ಕರಿಯಾಕ ಬಂದೀನಿ."

ತಮ್ಮ ಕಿಸಕ್ಕನೆ ನಕ್ಕು ನನ್ನಿಂದ ಗುದ್ದು ತಿಂದ. ಅಕ್ಕ ಅವ್ವನನ್ನೇ ನೋಡಿದಳು. ಆಮೇಲೆ ಹೆಜ್ಜೆ ಕಿತ್ತಿಟ್ಟಳು. ಕಾಲುಂಗುರ ಕಲ್ಲಿಗೆ ತಾಗಿತು, ಮತ್ತೆ ತಾಗಿತು. ಅವ್ವನ ಕೈಯನ್ನು ಒಮ್ಮೆ ಹಿಡಿದು ಬಿಟ್ಟು, ಉಟ್ಟ ಸೀರೆಯಲ್ಲೇ ಇಳಿದು ಹೋದಳು. ಆ ಸದ್ದು ನಿಲ್ಲುವ ತನಕ ನಾವು ಅಲ್ಲೇ ನಿಂತಿದ್ದೆವು.

ಅತ್ತೆಯ ಬಾಯಿಗೆ ಎದುರು ನಿಂತು ಉತ್ತರ ಕೊಟ್ಟವಳೂ ಅವ್ವನೇ. ಕಂಪೌಂಡರು ಮಾತ್ರ ಮರುದಿನ ಹೆಂಡತಿಯ ತವರಿಗೆಂದು ಕುಮಟೆಯ ಬಸ್ಸು ಹತ್ತಿದರು. ಅಣ್ಣ ನಿಜವಾಗಿಯೂ ಬಾಗಿಲಲ್ಲಿ ನಿಂತು ಯಾರು ಕರೆದದ್ದು ಎಂದು ಕೇಳಿದನಂತೆ. "ಆಚೆಮನೆ ಅವ್ವ" ಎಂದಳಂತೆ ಅಕ್ಕ. ಅವನು ಒಳಗೆ ಹೋಗಿ ಕಾಲಿಗೆ ನೀರು ತಂದಿಟ್ಟನಂತೆ. ಆ ಸಲ ತಾಯಿಯ ತಲೆಗೆ ಎಣ್ಣೆ ಹಚ್ಚಿ ಬಾಚಿದವಳು ಮಗಳು. ಮಳೆಗಾಲ ಹಿಡಿಯುವ ಮೊದಲೇ ಆ ಮುದುಕಿ ತೀರಿಕೊಂಡಳು.

ನನ್ನನ್ನು ಯಲ್ಲಾಪುರಕ್ಕೆ ಕೊಟ್ಟರು. ಮದುವೆಯಾಗಿ ಎರಡು ವರ್ಷಕ್ಕೆ ಅವ್ವ ಹೋದಳು. ಅಪ್ಪ ಅಂಗಡಿ ಮಾರಿ ತಮ್ಮನೊಡನೆ ಹುಬ್ಬಳ್ಳಿ ಸೇರಿದ. ಸಿದ್ದಾಪುರದ ಆ ಮನೆಯಲ್ಲಿ ಬೇರೆ ಯಾರೋ ಬಾಡಿಗೆಗೆ ಬಂದರು. ನನಗೆ ತವರೆಂಬುದು ಮುಗಿಯಿತು ಎಂದುಕೊಂಡೆ. ಆ ವರ್ಷದ ತದಿಗೆಯ ಮುಂಚಿನ ದಿನ ಅಂಗಳದ ಚಪ್ಪಡಿಯ ಮೇಲೆ ಟಿಣ್ಣೆಂದಿತು. ಅಕ್ಕ ಬಸ್ಸಿಳಿದು ಬಂದಿದ್ದಳು, ಬಾಳೆಯೆಲೆಯಲ್ಲಿ ಅಬ್ಬಲಿಗೆ ದಂಡೆ ಸುತ್ತಿಕೊಂಡು.

"ನಡೆ ಕೂಸೆ. ತವರಿಗೆ ಕರೆಯಲೆ ಬಂದೆ."

ಕೈಲಾಗುವ ತನಕ ವರ್ಷವೂ ಬಂದಳು, ಆಗದಾದ ಮೇಲೆ ಹೇಳಿ ಕಳಿಸಿದಳು. ಹೋದರೆ ಅವಳ ಮುಂದೆ ಬೆನ್ನು ಮಾಡಿ ಕೂರುತ್ತಿದ್ದೆ. ಎಣ್ಣೆ ಹಚ್ಚುತ್ತ, "ಮಂಡಿ ಹೋತು, ಇಲ್ದಿದ್ರೆ ನಾಳೆ ಘಟ್ಟದಂಚಿಗೆ ಹೋಗಿ ಬಪ್ಪಲಾಗಿತ್ತು" ಎನ್ನುತ್ತಿದ್ದಳು. ಈಗಲೂ ಬೇಸಿಗೆ ಬಂದು ಮುರುಗಲು ಹಣ್ಣಾದರೆ ನನಗೆ ಆ ಬೆರಳುಗಳು ತಲೆಯಲ್ಲಿ ಆಡಿದ ಹಾಗಾಗುತ್ತದೆ.

ಅವಳು ಹೋದ ಸುದ್ದಿಯನ್ನು ಬಸ್ಸಿನವನೊಬ್ಬ ತಂದು ಹೇಳಿದ. ಸಾವಿಗೆ ಯಾರೂ ಕರೆಯುವುದಿಲ್ಲ, ಕೇಳಿದವರು ಹೋಗಬೇಕು. ಹೊದಿಕೆಯ ಹೊರಗೆ ಆ ಪಾದಗಳು ಕಾಣುತ್ತಿದ್ದವು. ನನಗೆ ತವರಾದ ಮೇಲೆ ಆ ಮನೆಗೆ ನಾನು ಕರೆಯದೆ ಹೋದದ್ದು ಅದೊಂದೇ ಸಲ.